ಕಳೆದುಹೋದ ‘ಅ’ ಮತ್ತು ಒಂದು ಸೌಂಡ್ ಕಾರ್ಡ್

‘ಯಂತ್ರದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ.’ ಸರ್ವಿಸ್ ರಿಪೋರ್ಟಿನಲ್ಲಿ ಈ ಸಾಲು ಬರೆಯಲು ನನಗೆ ಅರ್ಧ ನಿಮಿಷವೂ ಬೇಡ. ದಾವಣಗೆರೆಯ ಒಂದು ಏಜೆನ್ಸಿಯ ಕೈಕೆಳಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳ ಕೆಲವು ಸರ್ಕಾರಿ ಕಚೇರಿಗಳ ಕಂಪ್ಯೂಟರ್ ನಿರ್ವಹಣೆ ನನ್ನದು. ಉಳಿದ ಹೊತ್ತು ಚನ್ನಗಿರಿಯ ನನ್ನ ಅಂಗಡಿಯಲ್ಲಿ ಅಡಿಕೆ ಮಂಡಿಗಳ ಕಂಪ್ಯೂಟರ್ ಬಿಚ್ಚಿ ಫ್ಯಾನಿನೊಳಗಿನ ಧೂಳು ಊದುತ್ತಿರುತ್ತೇನೆ. ಕಚೇರಿಯವರು ‘ಕಂಪ್ಯೂಟರ್ ಕೆಟ್ಟಿದೆ’ ಎಂದು ಕರೆದಾಗ ಬಹಳ ಸಲ ಕೆಟ್ಟಿರುವುದು ಪ್ಲಗ್ಗು, ಇಲ್ಲವೇ ಕರೆದವರ ತಾಳ್ಮೆ. ಹಾಗಾಗಿ ಈ ಸಾಲು ನನ್ನ ಕೈಗೆ ರೂಢಿಯಾಗಿಬಿಟ್ಟಿತ್ತು. ನ್ಯಾಮತಿಯಲ್ಲಿ ಅದನ್ನು ಬರೆದು ಸಹಿ ಹಾಕಿ ಬಂದ ಕೆಲವೇ ದಿನಕ್ಕೆ ಅದೇ ಸಾಲು ಒಬ್ಬರ ಮೇಲಿನ ನೋಟಿಸಿನೊಳಗೆ ಅಚ್ಚಾಗಿ ನನ್ನ ಕಿವಿಗೆ ಬಿತ್ತು.

ಆ ಒಬ್ಬರು ಅಲ್ಲಿನ ಒಂದು ಕಚೇರಿಯ ದ್ವಿತೀಯ ದರ್ಜೆ ಸಹಾಯಕರು. ವೃದ್ಧಾಪ್ಯ ಮತ್ತು ವಿಧವಾ ಪಿಂಚಣಿಯ ಅರ್ಜಿಗಳು ಅವರ ಮೇಜಿಗೆ ಬರುತ್ತವೆ. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಹಾಕಿಕೊಂಡು, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿ ಕೆಲಸ ಮಾಡುತ್ತಾರೆ. ಇನ್ನೊಂದು ಕಿವಿ ಎದುರಿಗೆ ನಿಂತ ಜನರಿಗೆ. ಆ ತಂತ್ರಾಂಶದ ಮಾತಿನ ವೇಗವನ್ನು ಅವರು ಎಷ್ಟು ಏರಿಸಿಟ್ಟಿದ್ದರೆಂದರೆ, ಮೊದಲ ಸಲ ಇಯರ್‌ಫೋನ್ ಕಿವಿಗಿಟ್ಟಾಗ ನನಗೆ ಬಾಣಲೆಯಲ್ಲಿ ಕಡಲೆ ಹುರಿದಂತೆ ಕೇಳಿತ್ತು. ಅವರು ಅದರಲ್ಲಿ ಕೊಟ್ರಮ್ಮ ಯಾರು, ಕೆಂಚಮ್ಮ ಯಾರು, ಯಾರ ಅರ್ಜಿಗೆ ಯಾವ ಕಾಗದ ಸಾಲದು ಎಂದು ಹೆಕ್ಕುತ್ತಿದ್ದರು. ನನಗೆ ಕಂಪ್ಯೂಟರ್ ಬಗ್ಗೆ ಗೊತ್ತು ಎಂಬ ಜಂಬ ಇದೆ, ಸುಳ್ಳೇಕೆ ಹೇಳಲಿ. ಅವರ ಪಕ್ಕ ಕೂತಾಗ ಮಾತ್ರ ಅದು ಸ್ವಲ್ಪ ತೆಪ್ಪಗಿರುತ್ತಿತ್ತು.

ಹಿಂದೆ ಅವರು ಹೊನ್ನಾಳಿಯಲ್ಲಿದ್ದರು. ನ್ಯಾಮತಿಗೆ ವರ್ಗವಾಗಿ ಬಂದಾಗ ಹೊಸ ಕಂಪ್ಯೂಟರ್ ಜೋಡಿಸಿಕೊಟ್ಟವಳು ನಾನೇ. ಅಂದು ಅವರು ಒಂದೇ ಒಂದು ಪ್ರಶ್ನೆ ಕೇಳಿದ್ದರು: ಹೊನ್ನಾಳಿಯ ಹಳೆಯದರಲ್ಲಿ ಸದ್ದು ಹೊರಡಿಸುವ ಸೌಂಡ್ ಕಾರ್ಡ್ ಬೇರೆಯೇ ಇತ್ತು, ಇದರಲ್ಲೂ ಇದೆಯೇ? ನಾನು ನಕ್ಕುಬಿಟ್ಟೆ. ಈಗೆಲ್ಲ ಅದು ಕಂಪ್ಯೂಟರಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನಲ್ಲೇ ಬರುತ್ತದೆ, ಬೇರೆ ಕಾರ್ಡ್ ಹಾಕಿಸುವವರು ಹಾಡು ರೆಕಾರ್ಡ್ ಮಾಡುವವರು ಅಷ್ಟೇ, ನಿಮಗೆ ಮಾತು ಕೇಳಿದರೆ ಸಾಕಲ್ಲ ಎಂದೆ. ನಮ್ಮ ಕಸುಬಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಮತ್ತು ಬಹುಪಾಲು ಜನರ ಮಟ್ಟಿಗೆ ಅದು ನಿಜವೂ ಹೌದು. ಅವರು ಸರಿ ಮೇಡಂ ಎಂದರು. ನಾನು ಸಲಕರಣೆ ಚೀಲ ಕಟ್ಟಿ ಬಸ್ಸು ಹತ್ತಿದೆ.

ಎರಡು ತಿಂಗಳ ನಂತರ ಕಚೇರಿಯ ಅಧಿಕಾರಿ ಫೋನ್ ಮಾಡಿದರು. ತೊಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಮುಂದಿನ ಕೌಂಟರಿನಲ್ಲಿ ಅರ್ಜಿಗಳನ್ನು ಸ್ಕ್ಯಾನ್ ಮಾಡುವವರು ಒಂದೊಂದರ ಮುಂದೆಯೂ ‘ಪೂರ್ಣ’ ಅಥವಾ ‘ಅಪೂರ್ಣ’ ಎಂದು ನಮೂದಿಸುತ್ತಾರೆ. ಸಹಾಯಕರು ಆ ಕಾಲಂ ಕೇಳಿಕೊಂಡು, ಪೂರ್ಣವಾದವನ್ನು ಮುಂದಕ್ಕೆ ಕಳಿಸಬೇಕು, ಅರ್ಜಿ ಅಪೂರ್ಣವಿದ್ದವರಿಗೆ ಫೋನ್ ಮಾಡಿ ಯಾವ ಕಾಗದ ಬೇಕೆಂದು ಹೇಳಬೇಕು. ಈಗ ಒಂಬತ್ತು ಅಪೂರ್ಣ ಅರ್ಜಿಗಳು ಪೂರ್ಣವೆಂದು ಮೇಲಕ್ಕೆ ಹೋಗಿ, ಮೇಲಿನಿಂದ ತಿರುಗಿ ಬಂದಿದ್ದವು. ಸೂರಗೊಂಡನಕೊಪ್ಪದ ಒಬ್ಬ ಅಜ್ಜಿಯ ಪಿಂಚಣಿಯಂತೂ ಇದರಿಂದ ಒಂದು ತಿಂಗಳಿಗೂ ಹೆಚ್ಚು ಹಿಂದೆ ಬಿದ್ದಿತ್ತು. ತಂತ್ರಾಂಶ ತಪ್ಪು ಓದುತ್ತಿರಬಹುದು, ನೋಡಿ ಎಂದರು ಅಧಿಕಾರಿ.

ನೋಡಿದೆ. ತಂತ್ರಾಂಶ ತೆಗೆದು ಮತ್ತೆ ಹಾಕಿದೆ. ಇಯರ್‌ಫೋನ್ ಬದಲಿಸಿದೆ. ಮಾತಿನ ವೇಗ ನನಗೆ ತಿಳಿಯುವಷ್ಟು ಇಳಿಸಿ, ಅದೇ ಪಟ್ಟಿಯನ್ನು ಬಾಣದ ಕೀ ಒತ್ತುತ್ತ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓದಿಸಿದೆ. ಪೂರ್ಣ, ಪೂರ್ಣ, ಅಪೂರ್ಣ, ಪೂರ್ಣ. ಒಂದೂ ತಪ್ಪಲಿಲ್ಲ. ಸಹಾಯಕರು ಪಕ್ಕದಲ್ಲಿ ಕೈಕಟ್ಟಿ ನಿಂತು ಕೇಳುತ್ತಿದ್ದರು. ಹೊನ್ನಾಳಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. ಆ ಸಾಲು ಬರೆದೆ, ಸಹಿ ಹಾಕಿದೆ, ಹೊರಟೆ.

ನೋಟಿಸ್ ಬಂದ ದಿನ ಅವರೇ ನನಗೆ ಫೋನ್ ಮಾಡಿ ಅದನ್ನು ಬಾಯಿಪಾಠದಂತೆ ಒಪ್ಪಿಸಿದರು. ಯಂತ್ರದಲ್ಲಿ ದೋಷವಿಲ್ಲವೆಂದು ತಂತ್ರಜ್ಞರು ವರದಿ ನೀಡಿರುವುದರಿಂದ, ಲೋಪಕ್ಕೆ ಸಹಾಯಕರೇ ಹೊಣೆಯೆಂದೂ, ಅರ್ಜಿ ಪರಿಶೀಲನೆಯಿಂದ ಅವರನ್ನು ಏಕೆ ಬಿಡಿಸಬಾರದೆಂಬುದಕ್ಕೆ ಎರಡು ವಾರದಲ್ಲಿ ಉತ್ತರ ಕೊಡಬೇಕೆಂದೂ ಅದರಲ್ಲಿತ್ತು. ಬಿಡಿಸಿದರೆ ಟಪಾಲು ವಿಭಾಗ. ಅಲ್ಲಿ ಕಣ್ಣಿದ್ದವರೇ ಮಾಡಬೇಕಾದ ಕೆಲಸ, ಅಂದರೆ ಅವರಿಗೆ ಕೆಲಸವೇ ಇಲ್ಲ.

“ಸಂಬಳ ಏನ್ ಹೋಗಲ್ಲ ಮೇಡಂ, ಕೆಲ್ಸ ಹೋಗತೈತೆ. ಮೂಲೇಲಿ ಕುರ್ಚಿ ಹಾಕಿಸ್ಕಂಡು ಕೂರಾಕೆ ನಾನು ಪರೀಕ್ಷೆ ಬರ್ದು ಬಂದಿಲ್ಲ” ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಇನ್ನಷ್ಟು ಸಲೀಸಾಗುತ್ತಿತ್ತು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ, ನನ್ನ ಸಹಿ ಮಾಡಿದ್ದು ಅದೇ ಕೆಲಸವಿರಬಹುದೇ ಎಂದು ಅಂದೇ ಮೊದಲ ಸಲ ಅನ್ನಿಸಿತು. ನಾಳೆ ಬರುತ್ತೇನೆ ಎಂದೆ. ಬನ್ನಿ, ಆದರೆ ಈ ಸಲ ಬಸ್ಸಿನ ಹೊತ್ತು ನೋಡಿಕೊಂಡು ಬರಬೇಡಿ ಎಂದರು. ಅದು ಅವರಿಗೆ ಹೇಗೆ ಗೊತ್ತಾಯಿತೋ. ನಾನು ಗಡಿಯಾರ ನೋಡಿದ್ದನ್ನು ಅವರು ನೋಡಿರಲಾರರು. ನಾಚಿಕೆಯಾಯಿತು.

ಮರುದಿನ ನಾನು ಕೀಬೋರ್ಡಿನ ಮುಂದೆ ಕೂತು ಪಟ್ಟಿ ಓದಿಸಲು ಶುರು ಮಾಡಿದೊಡನೆ ಅವರು ನನ್ನ ಕೈ ಹಿಡಿದರು.

“ನಿಮ್ ಕೈ ಸುಮ್ಕಿರಲ್ಲ ಮೇಡಂ. ಒಂದ್ ನಿಮಿಷ ಏನೂ ಮುಟ್ಟಬ್ಯಾಡ್ರಿ. ಆಮ್ಯಾಲೆ ಒಂದೇ ಸಲ ಒತ್ರಿ.”

ಸುಮ್ಮನೆ ಕೂತೆವು. ಗೋಡೆಯ ಫ್ಯಾನು ಅತ್ತಿತ್ತ ತಿರುಗುತ್ತಿತ್ತು. ನಿಮಿಷ ಕಳೆದ ಮೇಲೆ ಕೆಳಬಾಣ ಒತ್ತಿದೆ. ಪರದೆಯಲ್ಲಿ ಕಣ್ಣಿಗೆ ಕಾಣುತ್ತಿದ್ದುದು ‘ಅಪೂರ್ಣ’. ಕಿವಿಗೆ ಬಿದ್ದದ್ದು ‘ಪೂರ್ಣ’. ಮೇಲೆ ಹೋಗಿ ಕೆಳಗೆ ಬಂದೆ, ಈಗ ‘ಅಪೂರ್ಣ’ ಎಂದು ಸ್ಪಷ್ಟವಾಗಿ ಹೇಳಿತು. ಮತ್ತೆ ಒಂದು ನಿಮಿಷ ಸುಮ್ಮನಿದ್ದು ಒತ್ತಿದೆ. ‘ಪೂರ್ಣ’.

ಇದನ್ನು ಅವರು ಕಂಡುಹಿಡಿದ ಬಗೆಯನ್ನು ನಾನು ಇವತ್ತಿಗೂ ಅಂಗಡಿಗೆ ಬರುವವರಿಗೆ ಹೇಳುತ್ತೇನೆ. ಮೊದಲು ಅವರು ತಮ್ಮ ಕಿವಿಯನ್ನೇ ಅನುಮಾನಿಸಿದ್ದರು. ದಾವಣಗೆರೆಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡು, ಏನೂ ಆಗಿಲ್ಲ ಎಂದು ವೈದ್ಯರ ಬಾಯಲ್ಲಿ ಕೇಳಿಸಿಕೊಂಡು ಬಂದಿದ್ದರು. ಆಮೇಲೆ ಮನೆಯಲ್ಲಿ ಕೂತು, ಆ ಒಂಬತ್ತು ಅರ್ಜಿಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಂಡರು. ಇದು ಊಟ ಮುಗಿಸಿ ಬಂದ ಮೇಲೆ ಮೊದಲು ತೆರೆದದ್ದು. ಇದು ಅಧಿಕಾರಿ ಕರೆದು ಮಾತಾಡಿಸಿ ಕಳಿಸಿದ ಮೇಲಿನದು. ಇದು ಒಬ್ಬ ಹೆಣ್ಣುಮಗಳು ಎದುರಿಗೆ ನಿಂತು ಅತ್ತು ಹೋದ ಮೇಲಿನದು. ಒಂಬತ್ತಕ್ಕೂ ಮುಂಚೆ ಅವರ ಕೈ ಕೀಬೋರ್ಡಿನ ಮೇಲಿರಲಿಲ್ಲ. ನೂರಾರು ಅರ್ಜಿಗಳ ನಡುವೆ ಒಂಬತ್ತರ ಹಿಂದಿನ ಮೌನವನ್ನು ನೆನಪಿಟ್ಟುಕೊಳ್ಳುವ ತಲೆ ಅದು. ನಾನಾಗಿದ್ದರೆ ಎರಡು ಸಲ ಫಾರ್ಮ್ಯಾಟ್ ಮಾಡಿ ಕೈತೊಳೆದುಕೊಳ್ಳುತ್ತಿದ್ದೆ.

ಕಾರಣ ನನ್ನ ಕಸುಬಿನದು, ಹೇಳಬೇಕಾದವಳು ನಾನು. ಈಗಿನ ಮದರ್‌ಬೋರ್ಡುಗಳಲ್ಲಿ ಸದ್ದಿಗೆಂದು ಇರುವ ಚಿಪ್ಪು ಕೆಲವು ಸೆಕೆಂಡು ಕೆಲಸವಿಲ್ಲದಿದ್ದರೆ ವಿದ್ಯುತ್ ಉಳಿಸಲು ನಿದ್ದೆ ಹೋಗುತ್ತದೆ. ಸದ್ದು ಬಂದಾಗ ಎಚ್ಚರವಾಗುತ್ತದೆ, ಆದರೆ ಎಚ್ಚರವಾಗುವ ಆ ಚೂರು ಹೊತ್ತಿನಲ್ಲಿ ಸದ್ದಿನ ತುದಿ ಕಳೆದುಹೋಗುತ್ತದೆ. ಹಾಡು ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ಅವರ ವೇಗದ ಮಾತಿನಲ್ಲಿ ಕಳೆದುಹೋಗುವ ಆ ಚೂರು ಒಂದಿಡೀ ಅಕ್ಷರ. ‘ಚನ್ನಗಿರಿ’ಯ ಮೊದಲ ಅಕ್ಷರ ಹೋದರೆ ‘ನ್ನಗಿರಿ’ ಎಂದಾದೀತು, ಕೇಳುವವನ ಮನಸ್ಸೇ ಅದನ್ನು ತುಂಬಿಕೊಳ್ಳುತ್ತದೆ. ‘ಅಪೂರ್ಣ’ದಲ್ಲಿ ತುಂಬಿಕೊಳ್ಳಲು ಏನೂ ಉಳಿಯುವುದಿಲ್ಲ, ಏಕೆಂದರೆ ಉಳಿದದ್ದೂ ಒಂದು ಪೂರ್ತಿ ಪದವೇ.

ಅವರದು ಬೌದ್ಧರ ಮನೆ. ಇಷ್ಟೆಲ್ಲ ತಲೆ ಮೇಲಿದ್ದರೂ ನಗೆಚಾಟಿಕೆ ಬಿಡದ ಮನುಷ್ಯ. “ನಮ್ಮನ್ಯಾಗೆ ವರ್ಸಕ್ಕೊಂದ್ಸಲ ಬುದ್ಧ ಪೂರ್ಣಿಮೆ. ನಿಮ್ ಮಿಷಿನ್‌ಗೆ ದಿನಾ ಪೂರ್ಣನೇ ನೋಡ್ರಿ” ಎಂದರು. ನನಗೆ ನಗು ಬರಲಿಲ್ಲ.

ಕಾರಣ ತಿಳಿದರೆ ಸಾಲದು, ಅದು ನಿಜವೆಂದು ತೋರಿಸಬೇಕಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಕಚೇರಿಯಲ್ಲಿ ಆಗಲೇ ಆಡಿಕೊಳ್ಳುತ್ತಿದ್ದರು. ನೆಲ ಡೊಂಕೇ ಹೌದೆಂದು ಅಳೆದು ಕೊಡುವುದು ನನ್ನ ಕೆಲಸ. ಸ್ಕ್ರೀನ್ ರೀಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೊನ್ನಾಳಿಗೆ ಹೋದೆ. ಅವರ ಹಳೆಯ ಕಂಪ್ಯೂಟರ್ ಕಚೇರಿಯ ಉಗ್ರಾಣದಲ್ಲಿ ಕಡತಗಳ ಕೆಳಗೆ ಕೂತಿತ್ತು. ಎತ್ತಿ ಒರೆಸಿ ಹಚ್ಚಿದೆ. ಅದರ ಸೌಂಡ್ ಕಾರ್ಡ್ ಹಳೆಯ ಕಾಲದ್ದು, ವಿದ್ಯುತ್ ಉಳಿಸಬೇಕೆಂಬ ಚಿಂತೆ ಅದಕ್ಕಿಲ್ಲ. ಒಂದು ನಿಮಿಷ, ಐದು ನಿಮಿಷ, ಹತ್ತು ನಿಮಿಷ ಬಿಟ್ಟು ಒತ್ತಿದರೂ ‘ಅ’ ತಪ್ಪದೆ ಬಂತು. ಅಲ್ಲಿದ್ದ ನಾಲ್ಕು ವರ್ಷ ಅವರು ಏಕೆ ತಪ್ಪಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತು.

ಎರಡು ದಿನ ಬಿಟ್ಟು ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದೆ. ಅಲ್ಲಿನ ಒಂದು ಕಚೇರಿಯಲ್ಲಿ ನ್ಯಾಮತಿಯದೇ ಮಾದರಿಯ, ಅದೇ ಬೋರ್ಡಿನ ಕಂಪ್ಯೂಟರ್ ಇದೆ. ಒಂದು ನಿಮಿಷ ಬಿಟ್ಟು ಒತ್ತಿದೆ. ‘ಅ’ ಇಲ್ಲ. ಇಪ್ಪತ್ತು ಸಲ ಮಾಡಿದೆ, ಇಪ್ಪತ್ತು ಸಲವೂ ಇಲ್ಲ. ಅಲ್ಲಿನ ಗುಮಾಸ್ತೆ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು. ಕಂಪ್ಯೂಟರ್ ಮುಂದೆ ಧ್ಯಾನಕ್ಕೆ ಕೂತವಳಂತೆ ಕೂತು, ನಿಮಿಷಕ್ಕೊಮ್ಮೆ ಒಂದು ಕೀ ಒತ್ತಿ, ‘ಹೋಯ್ತು’ ಎಂದು ಬರೆದುಕೊಳ್ಳುವವಳನ್ನು ಇನ್ನು ಹೇಗೆ ನೋಡಬೇಕು.

ಇನ್ನು ಸರಿಮಾಡುವುದು. ಬೋರ್ಡಿನ ಸದ್ದನ್ನೇ ಇಟ್ಟುಕೊಂಡು ನಿದ್ದೆ ಬಿಡಿಸುವುದು ಒಂದು ದಾರಿ. ಬೇರೆ ಸೌಂಡ್ ಕಾರ್ಡ್ ಹಾಕುವುದು ಇನ್ನೊಂದು. ಮೊದಲಿನದು ಸುಲಭ, ಮತ್ತು ನಾನು ಮೊದಲೇ ಹೇಳಿದ ಮಾತು ಉಳಿಯುತ್ತದೆ ಎಂಬ ಆಸೆಯೂ ಒಳಗೆಲ್ಲೋ ಇತ್ತು. ಚಿಪ್ಪನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶದೊಳಗೆ ವಿದ್ಯುತ್ ಉಳಿತಾಯದ ಮೂರು ಅಂಕಿಗಳಿರುತ್ತವೆ, ಮೂರನ್ನೂ ಸೊನ್ನೆ ಮಾಡಿದೆ. ಕಂಪ್ಯೂಟರ್ ಆರಿಸಿ ಹಚ್ಚಿದೆವು. ‘ಅ’ ಗಟ್ಟಿಯಾಗಿ ಬಂತು. ಇಬ್ಬರೂ ಟೀ ಕುಡಿದೆವು. ನಾನು ಅಧಿಕಾರಿಗೆ ಸರಿಹೋಯಿತೆಂದು ಹೇಳಿ, ಮೂರು ದಿನ ಬಿಟ್ಟು ಬಂದು ತೋರಿಸುತ್ತೇನೆ ಎಂದೆ.

ಮೂರನೆಯ ದಿನ ಅಧಿಕಾರಿಯ ಎದುರಿಗೆ ಒತ್ತಿದರೆ ‘ಪೂರ್ಣ’. ನಡುವೆ ಒಂದು ದಿನ ವಿಂಡೋಸ್ ತನ್ನಷ್ಟಕ್ಕೆ ಅಪ್‌ಡೇಟ್ ಆಗಿ, ಡ್ರೈವರ್ ಹೊಸದಾಗಿ, ನನ್ನ ಮೂರು ಸೊನ್ನೆಗಳೂ ಮಾಯವಾಗಿದ್ದವು. ಅಧಿಕಾರಿ ಬಿರುಸಿನವರಲ್ಲ, ಆದರೆ ಅವರಿಗೂ ಮೇಲಿನವರಿಗೆ ಉತ್ತರ ಹೇಳಬೇಕು. ನಿಮ್ಮ ಮೊದಲ ವರದಿಯಲ್ಲಿ ದೋಷವಿಲ್ಲ, ಮೊನ್ನೆ ದೋಷವಿತ್ತು ಸರಿಹೋಯಿತು, ಇವತ್ತು ಮತ್ತೆ ಇದೆ, ನಾನು ಯಾವುದನ್ನು ನಂಬಲಿ ಎಂದು ಮೆತ್ತಗೆ ಕೇಳಿದರು. ಸಹಾಯಕರು ತಲೆ ತಗ್ಗಿಸಿ ನಿಂತಿದ್ದರು. ಅಷ್ಟು ದಿನದಲ್ಲಿ ಅವರ ತಲೆ ತಗ್ಗಿದ್ದನ್ನು ನಾನು ನೋಡಿದ್ದು ಅಂದೇ, ಅದೂ ನನ್ನಿಂದ.

ಕಿವಿಗೆ ಕೇಳಿಸದಂಥ ಸದ್ದೊಂದನ್ನು ಸದಾ ಹೊರಡಿಸುತ್ತ ಚಿಪ್ಪನ್ನು ಎಚ್ಚರವಿಡುವ ಪುಟ್ಟ ತಂತ್ರಾಂಶಗಳಿವೆ. ಅವು ಇಲಾಖೆಯ ಅನುಮತಿ ಪಟ್ಟಿಯಲ್ಲಿಲ್ಲ, ಹಾಕುವ ಹಾಗಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಬೆರಳುದ್ದದ ಸೌಂಡ್ ಕಾರ್ಡೊಂದು ಅಂಗಡಿಯಲ್ಲಿತ್ತು, ತಂದು ಹಾಕಿದೆ. ಅದೂ ನಿದ್ದೆಬುರುಕ, ಎಚ್ಚರವಾಗುವಾಗ ‘ಟಿಕ್’ ಎನ್ನುತ್ತಿತ್ತು. ಸಹಾಯಕರು ಕೇಳಿ, ಇದು ಅರ್ಧ ‘ಅ’ ಮಾತ್ರ ತಿನ್ನುತ್ತದೆ, ಸ್ವಲ್ಪ ಮರ್ಯಾದಸ್ಥ ಎಂದರು. ಕೊನೆಗೆ ದಾವಣಗೆರೆಯಿಂದ ಬೋರ್ಡಿಗೇ ಕೂರುವ ಕಾರ್ಡೊಂದನ್ನು ತಂದೆ. ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಅರ್ಧ ದಿನ ಪರೀಕ್ಷಿಸಿದೆ, ಒಂದು ಸಲವೂ ನಿದ್ದೆ ಹೋಗಲಿಲ್ಲ. ಕುಣಿಯುತ್ತ ನ್ಯಾಮತಿಗೆ ಹೋಗಿ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದರೆ, ಅದು ಗಿಡ್ಡ ಪೆಟ್ಟಿಗೆ. ಕಾರ್ಡಿನ ತುದಿಯ ಲೋಹದ ಪಟ್ಟಿ ಉದ್ದದ್ದು, ಮುಚ್ಚಳ ಕೂರದು. ಗಿಡ್ಡ ಪಟ್ಟಿ ತರಿಸಲು ಎಂಟು ದಿನ ಎಂದರು ಅಂಗಡಿಯವರು. ನೋಟಿಸಿಗೆ ಉತ್ತರ ಕೊಡಲು ಉಳಿದಿದ್ದು ಮೂರು ದಿನ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ಮಧ್ಯಾಹ್ನ. ಬಿಚ್ಚಿದ ಪೆಟ್ಟಿಗೆಯನ್ನು ಮತ್ತೆ ಮುಚ್ಚಿ, ಸ್ಕ್ರೂ ಹಾಕುತ್ತ ಕೂತಿದ್ದೆ. ಸಹಾಯಕರು ಪಕ್ಕದ ಕುರ್ಚಿಯಲ್ಲಿದ್ದರು. ಆಗ ಸೂರಗೊಂಡನಕೊಪ್ಪದ ಆ ಅಜ್ಜಿ ಬಂದಳು. ಇವರ ಮೇಲೆ ಆಕೆಗೆ ಸಿಟ್ಟಿರಬೇಕಿತ್ತು. ಆದರೆ ಮೇಜಿನ ಮೇಲೆ ಎರಡೂ ಕೈಯೂರಿ, ನಂದು ಆತೇನಪ್ಪಾ ಎಂದಷ್ಟೇ ಕೇಳಿದಳು.

“ಇನ್ನೂ ಆಗಿಲ್ಲವ್ವಾ. ಆಧಾರಿನ ನಕಲು ಒಂದು ತಂದುಕೊಟ್ರೆ ಆಗತೈತೆ” ಎಂದ ಸಹಾಯಕರು ಅಲ್ಲಿಗೇ ಮಾತು ನಿಲ್ಲಿಸಿದರು. ಗಾಳಿಯಲ್ಲಿ ಕೈ ಎತ್ತಿ ನನ್ನನ್ನೂ ಸುಮ್ಮನಿರಿಸಿದರು. ಅಜ್ಜಿ ಗಾಬರಿಯಿಂದ ನನ್ನ ಮುಖ ನೋಡಿದಳು.

“ಮೇಡಂ, ನಾನೀಗ ಏನಂದೆ?”

ಇನ್ನೂ ಆಗಿಲ್ಲ ಎಂದಿರಿ ಎಂದೆ.

“ಅದ್ರಾಗೆ ‘ಇಲ್ಲ’ ಅನ್ನೋದು ಎಲ್ಲಿ ಬಂತ್ರೀ?”

ಕೊನೆಗೆ ಬಂತು ಎಂದೆ. ಏನು ಹೇಳುತ್ತಿದ್ದಾರೆಂದು ಇನ್ನೂ ಹೊಳೆದಿರಲಿಲ್ಲ.

“ನಾವು ಮಾತಾಡೋವಾಗ ಇಲ್ಲ ಅನ್ನೋದನ್ನ ಕೊನೇಗೇ ಇಡ್ತೀವಿ. ಕಾಗದದಾಗೆ ಬರೆಯೋರು ಅದನ್ನ ಮುಂದ್ಲಾಗೆ ತಂದಿಟ್ಟಾರೆ. ಮಿಷಿನ್ ತಿನ್ನೋದು ಮುಂದ್ಲುದ್ದು ಮಾತ್ರ. ಪರದೆ ಮ್ಯಾಲೆ ಅಪೂರ್ಣ ಅಂತಾನೇ ಇರ್ಲಿ, ನನ್ನ ಕಿವೀಗೆ ‘ಪೂರ್ಣ ಆಗಿಲ್ಲ’ ಅಂತ ಹೇಳಾಕೆ ಬರತೈತಾ?”

ಬರುತ್ತದೆ. ಯಾವ ಸ್ಕ್ರೀನ್ ರೀಡರಿನಲ್ಲೂ ಉಚ್ಚಾರಣೆಯ ನಿಘಂಟು ಎಂದು ಒಂದು ಇರುತ್ತದೆ. ಈ ಪದ ಬಂದರೆ ಹೀಗೆ ಓದು ಎಂದು ಅದರಲ್ಲಿ ಬರೆದಿಟ್ಟರೆ ಮುಗಿಯಿತು. ಅನುಮತಿ ಬೇಡ, ಕಾರ್ಡು ಬೇಡ, ಸ್ಕ್ರೂ ಡ್ರೈವರ್ ಬೇಡ. ಹದಿನೈದು ವರ್ಷದಿಂದ ಈ ಕಸುಬು ಮಾಡುತ್ತಿರುವ ನಾನು ಮೂರು ಊರು ಸುತ್ತಿ, ಎರಡು ಕಾರ್ಡು ತಂದು, ಮುಚ್ಚಳ ಬಿಚ್ಚಿ ಮುಚ್ಚಿದ್ದೆ. ಅವರು ತಾವೇ ಆಡಿದ ಮಾತನ್ನು ತಾವೇ ಕೇಳಿಸಿಕೊಂಡು ದಾರಿ ಹುಡುಕಿದ್ದರು. ಒಬ್ಬರನ್ನು ನೋಡಿ ಅಷ್ಟು ಖುಷಿ ಮತ್ತು ಅಷ್ಟು ಹೊಟ್ಟೆಕಿಚ್ಚು ಒಟ್ಟಿಗೇ ಆದದ್ದು ನನಗೆ ಅದೇ ಮೊದಲು.

ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಅಪೂರ್ಣ ಎಂದರೆ ‘ಪೂರ್ಣ ಆಗಿಲ್ಲ’. ಅನರ್ಹ ಎಂದರೆ ‘ಅರ್ಹ ಅಲ್ಲ’. ಅಮಾನ್ಯ, ಅಲಭ್ಯ, ಅಸ್ಪಷ್ಟ. ಕಚೇರಿಯ ಕನ್ನಡದಲ್ಲಿ ತಲೆಯ ಮೇಲೆ ಒಂದು ‘ಅ’ ಇಟ್ಟುಕೊಂಡು ಅರ್ಥ ತಿರುಗಿಸುವ ಪದಗಳು ಎಷ್ಟಿವೆ ಎಂದು ಅಂದೇ ತಿಳಿದದ್ದು. ಅಜ್ಜಿ ಸ್ವಲ್ಪ ಹೊತ್ತು ನೋಡಿ, ಇವರಿಬ್ಬರೂ ಪಾಠ ಒಪ್ಪಿಸುತ್ತಿದ್ದಾರೆ ಎಂದುಕೊಂಡಳೋ ಏನೋ, ಆಧಾರಿನ ನಕಲು ತರಲು ಹೊರಟುಹೋದಳು.

ಎಲ್ಲ ಮುಗಿದ ಮೇಲೆ ಕೇಳಿದೆ, ಹಾಗಾದರೆ ಸೌಂಡ್ ಕಾರ್ಡ್ ವಾಪಸ್ಸು ಮಾಡಲೇ ಎಂದು. ಬೇಡವೇ ಬೇಡ, ಆ ಗಿಡ್ಡ ಪಟ್ಟಿ ತರಿಸಿ ಕಾರ್ಡ್ ಹಾಕಿ ಎಂದರು.

“ಪದ ಸರಿ ಆತು. ಹೆಸ್ರು? ಬಂದೋರ ಹೆಸ್ರಿನ ತಲೆ ಕಡಿದು ಕೇಳಿಸ್ಕಳಾಕೆ ನಂಗೆ ಮನಸ್ಸಾಗಲ್ಲ ಮೇಡಂ.”

ನಿಮಗೆ ಮಾತು ಕೇಳಿದರೆ ಸಾಕಲ್ಲ ಎಂದು ನಾನು ಹೇಳಿದ್ದೆ. ಮಾತು ಕೇಳುವುದು ಎಂದರೆ ಏನೆಂದು ನನಗೇ ಗೊತ್ತಿರಲಿಲ್ಲ. ಬೋರ್ಡೋ ಕಾರ್ಡೋ ಎಂದು ಯಾರಾದರೂ ಕೇಳಿದರೆ, ಕೇಳುವವರು ಯಾರು, ಕಿವಿಯಿಂದ ಅವರು ಏನು ಕೆಲಸ ಮಾಡುತ್ತಾರೆ ಎಂದು ಈಗ ಮೊದಲು ವಿಚಾರಿಸುತ್ತೇನೆ.

ಮರುದಿನ ಅಧಿಕಾರಿಯ ಎದುರು ಪರೀಕ್ಷೆ. ಕಾರ್ಡ್ ಹಾಕಿರಲಿಲ್ಲ, ಬೋರ್ಡಿನ ನಿದ್ದೆಯೂ ಹಾಗೇ ಇತ್ತು. ಹಾಗೇ ಇರಲಿ ಎಂದು ಬಿಟ್ಟವರು ಸಹಾಯಕರೇ. ಮೊದಲು ನಿಘಂಟನ್ನು ಬಂದ್ ಮಾಡಿ, ಸ್ಪೀಕರ್ ಹಚ್ಚಿ, ವೇಗ ತುಸುವೇ ಇಳಿಸಿ, ‘ಅ’ ಕಳೆದುಹೋಗುವುದನ್ನು ಅಧಿಕಾರಿಗೆ ಕೇಳಿಸಿದೆ. ಅವರು ಎರಡು ಸಲ ಪರದೆ ನೋಡಿ, ಮೂರನೆಯ ಸಲ ತಾವೇ ಕೀ ಒತ್ತಿದರು. ಆಮೇಲೆ ನಿಘಂಟು ಹಚ್ಚಿದೆ, ಇಯರ್‌ಫೋನ್ ಸಹಾಯಕರ ಕಿವಿಗೆ ಹೋಯಿತು, ಅವರ ವೇಗದಲ್ಲೇ. ಅಧಿಕಾರಿ ಮನಸ್ಸಿಗೆ ಬಂದಂತೆ ಇಪ್ಪತ್ತು ಅರ್ಜಿಗಳನ್ನು ಆರಿಸಿದರು. ಒಂದೊಂದಕ್ಕೂ ಮುಂಚೆ ಬೇಕೆಂದೇ ಒಂದು ನಿಮಿಷ ಕಾದರು. ಆಗಿದೆ, ಆಗಿಲ್ಲ, ಆಗಿಲ್ಲ, ಆಗಿದೆ ಎಂದು ಸಹಾಯಕರು ಹೇಳುತ್ತ ಹೋದರು. ನಾನು ಕುರ್ಚಿಯ ತುದಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದೆ. ಇಪ್ಪತ್ತಕ್ಕೆ ಇಪ್ಪತ್ತೂ ಸರಿ.

ಅಧಿಕಾರಿ ಇಯರ್‌ಫೋನನ್ನು ತಮ್ಮ ಕಿವಿಗಿಟ್ಟು ಕೇಳಿದರು. ಅವರಿಗೂ ಕಡಲೆ ಹುರಿದಂತೆಯೇ ಕೇಳಿಸಿರಬೇಕು, ತೆಗೆದು ಸಹಾಯಕರ ಕೈಗೇ ಕೊಟ್ಟರು. ನಂತರ ನನ್ನ ಕಡೆ ತಿರುಗಿ, ನೋಟಿಸ್ ನಿಂತಿರುವುದು ನಿಮ್ಮ ವರದಿಯ ಮೇಲೆ, ಅದನ್ನು ಕೈಬಿಡಬೇಕಾದರೂ ನಿಮ್ಮ ಬರಹವೇ ಬೇಕು ಎಂದರು.

ಇದು ನನಗೆ ಗೊತ್ತಿತ್ತು. ಏಜೆನ್ಸಿಯವರಿಗೂ ಗೊತ್ತಿತ್ತು. ಬೆಳಿಗ್ಗೆಯೇ ಫೋನ್ ಮಾಡಿ, ತಂತ್ರಾಂಶ ನವೀಕರಿಸಲಾಗಿದೆ ಎಂದಷ್ಟು ಬರೆದು ಬಾ, ನಮ್ಮ ವರದಿ ನಾವೇ ತಪ್ಪೆಂದರೆ ನಾಳೆ ಎಲ್ಲ ಕಚೇರಿಯವರೂ ಹಿಡಿದುಕೊಳ್ಳುತ್ತಾರೆ, ಮುಂದಿನ ವರ್ಷದ ಗುತ್ತಿಗೆಯೂ ಇರಲಿಕ್ಕಿಲ್ಲ ಎಂದಿದ್ದರು. ಹಾಗೆ ಬರೆದರೆ ನೋಟಿಸ್ ಅಲ್ಲಾಡುವುದಿಲ್ಲ. ಬರೆಯದಿದ್ದರೆ ನಾನು ಅಲ್ಲಾಡುತ್ತೇನೆ. ಹೊನ್ನಾಳಿಯ ಪರೀಕ್ಷೆ, ಜಗಳೂರಿನ ಇಪ್ಪತ್ತು ಸಲ, ಚಿಪ್ಪಿನ ನಿದ್ದೆ ಎಲ್ಲವನ್ನೂ ಬಿಡಿಸಿ ಒಂದು ಪುಟ ಟೈಪ್ ಮಾಡಿದೆ. ಕೊನೆಯ ಸಾಲಿಗೆ ಬಂದಾಗ ಕೈ ತಡೆಯಿತು. ಯೋಚಿಸಿ ಯೋಚಿಸಿ ಒಂದು ಪದ ಹುಡುಕಿದೆ: ‘ಆದ್ದರಿಂದ ನಾನು ಮೊದಲು ನೀಡಿದ ವರದಿಯು ಅಸಮರ್ಪಕವಾಗಿದೆ.’ ಸುಳ್ಳಲ್ಲ, ಯಾರಿಗೂ ಚುಚ್ಚುವುದೂ ಇಲ್ಲ. ಏಜೆನ್ಸಿಯವರೂ ನುಂಗಿಕೊಳ್ಳಬಹುದು.

ಸಹಾಯಕರು, ನನ್ನ ಬಗ್ಗೆ ಬರೆದದ್ದಲ್ಲವೇ, ಒಂದು ಸಲ ಕೇಳುತ್ತೇನೆ ಎಂದರು. ಬರೆದದ್ದನ್ನು ಬರೆದಂತೆಯೇ ಕೇಳಲೆಂದು ನಿಘಂಟು ಬಂದ್ ಮಾಡಿ, ಪುಟವನ್ನು ಸ್ಕ್ರೀನ್ ರೀಡರಿಗೆ ಕೊಟ್ಟು, ಸಾಲುಸಾಲಾಗಿ ಕೇಳಿದರು. ಕೊನೆಯ ಸಾಲನ್ನು ಎರಡು ಸಲ ಕೇಳಿದರು. ನಂತರ ಇಯರ್‌ಫೋನ್ ತೆಗೆದು, ಅಧಿಕಾರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು.

“ಮೇಡಂ, ಅಸಮರ್ಪಕ ಅಂತ ಬರ್ದೀರಿ. ನಾಳೆ ನನ್ನಂಥೋನು ಇನ್ಯಾರಾದ್ರೂ ಕೇಳೋವಾಗ ಅದ್ರ ‘ಅ’ ಹೋದ್ರೆ, ನಿಮ್ ವರದಿ ಸಮರ್ಪಕ ಆಗಿಬಿಡತೈತೆ. ಬ್ಯಾರೆ ಪದ ಇಡ್ರಿ.”

ನಗುತ್ತಿದ್ದರು. ಅವರು ಕೇಳಿದ್ದು ತಮಾಷೆಗೋ, ಎಚ್ಚರಿಕೆಗೋ, ನನ್ನ ಹಿಂಜರಿಕೆ ಆ ಪದದಲ್ಲಿ ಅವರ ಕಿವಿಗೆ ಬಿದ್ದಿತ್ತೋ, ನಾನು ಕೇಳಲಿಲ್ಲ. ಬ್ಯಾಕ್‌ಸ್ಪೇಸ್ ಕೀ ಒತ್ತಿ ಹಿಡಿದು ಆ ಪದವನ್ನು ತುದಿಯಿಂದ ಬುಡದವರೆಗೆ ಅಳಿಸಿದೆ. ತಲೆ ಕಡಿದರೂ ಬಾಲ ಕಡಿದರೂ ಇನ್ನೊಂದು ಅರ್ಥ ಬಾರದ ಒಂದು ಪದ ಟೈಪ್ ಮಾಡಿದೆ. ‘ಆದ್ದರಿಂದ ನಾನು ಮೊದಲು ನೀಡಿದ ವರದಿ ತಪ್ಪು.’

ಅಚ್ಚು ತೆಗೆದು ಸಹಿ ಹಾಕಿ ಕೊಟ್ಟೆ. ಅಧಿಕಾರಿ ನಿಂತೇ ಓದಿದರು, ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. ಕಡತದ ಬದಿಯಲ್ಲಿ, ಅರ್ಜಿ ಪರಿಶೀಲನೆ ಸದರಿ ಸಹಾಯಕರಲ್ಲೇ ಮುಂದುವರಿಯತಕ್ಕದ್ದು ಎಂದು ಬರೆದರು. ನಾನು ತಿರುಗಿ ನೋಡುವಷ್ಟರಲ್ಲಿ ಸಹಾಯಕರು ಇಯರ್‌ಫೋನ್ ಒಂದು ಕಿವಿಗೆ ಸಿಕ್ಕಿಸಿಕೊಂಡಾಗಿತ್ತು. ಇನ್ನೊಂದು ಕಿವಿ ಬಾಗಿಲ ಕಡೆಗಿತ್ತು, ಮುಂದಿನವರ ಹೆಸರು ಕೇಳುತ್ತಿದ್ದರು.